ಹಂಚಿದ ಮಾತ್ರೆಯ ಲೆಕ್ಕ, ನುಂಗಿದ ಮಾತ್ರೆಯ ಲೆಕ್ಕ

(ಸ್ವಸಹಾಯ ಸಂಘಗಳ ಒಕ್ಕೂಟದ ಪ್ರತಿನಿಧಿಗಳು, ಗ್ರಾಮ ಪಂಚಾಯಿತಿ ಸದಸ್ಯರು ಮತ್ತು ಸ್ವಯಂಸೇವಾ ಸಂಸ್ಥೆಗಳ ಕಾರ್ಯಕರ್ತರಿಗಾಗಿ ನಡೆದ ಕಾರ್ಯಾಗಾರವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಬಹಳಷ್ಟು ಜನ ವರ್ಷಕ್ಕೊಮ್ಮೆಯಾದರೂ ವರದಿ ಬರೆಯುವವರು. ಆ ವರದಿಯ ಭಾಷೆ ನಮಗೆಲ್ಲ ಬಾಯಿಪಾಠ. ‘ತರಬೇತಿ ನಡೆಸಲಾಯಿತು. ಮಹಿಳೆಯರು ಹೆಚ್ಚಿನ ಸಂಖ್ಯೆಯಲ್ಲಿ ಭಾಗವಹಿಸಿದ್ದರು. ಕರಪತ್ರ ಹಂಚಲಾಯಿತು. ಅರಿವು ಮೂಡಿಸಲಾಯಿತು.’ ಕೆಳಗೆ ಬ್ಯಾನರ್ ಹಿಡಿದ ಎರಡು ಫೋಟೊ. ಇದರಲ್ಲಿ ಸುಳ್ಳು ಏನೂ ಇಲ್ಲ. ತರಬೇತಿ ನಡೆದದ್ದು ನಿಜ, ಜನ ಬಂದದ್ದು ನಿಜ. ಆದರೆ ಇದನ್ನು ಓದಿ ಮುಗಿಸಿದವರಿಗೆ ಊರಿನಲ್ಲಿ ಏನು ಬದಲಾಯಿತು ಅಂತ ಮಾತ್ರ ಗೊತ್ತಾಗುವುದಿಲ್ಲ.

ನಾವು ಏನು ಮಾಡಿದೆವು ಎಂಬುದು ಒಂದು ಲೆಕ್ಕ. ಅದರಿಂದ ಜನರಿಗೆ ಏನಾಯಿತು ಎಂಬುದು ಇನ್ನೊಂದು ಲೆಕ್ಕ. ಮೊದಲನೆಯದನ್ನು ನಾವು ಚೆನ್ನಾಗಿಯೇ ಇಡುತ್ತೇವೆ. ರಸೀದಿ, ಹಾಜರಿ, ಸಹಿ ಎಲ್ಲ ಇರುತ್ತೆ. ಎರಡನೆಯದನ್ನು ಯೋಜನೆ ಮುಗಿದ ಮೇಲೆ ಯಾರಾದರೂ ಕೇಳಿದಾಗ ಹುಡುಕಲು ಹೊರಡುತ್ತೇವೆ. ಆಗ ಸಿಗುವುದಿಲ್ಲ. ಅದನ್ನು ಯೋಜನೆ ಬರೆಯುವ ಹೊತ್ತಿಗೇ ತೀರ್ಮಾನಿಸಬೇಕು. ಇವತ್ತು ನಾನು ಮಾತಾಡುವುದು ಇಷ್ಟರ ಬಗ್ಗೆಯೇ.

ನಿಮಗೆಲ್ಲ ಗೊತ್ತಿರುವ ಒಂದು ಉದಾಹರಣೆ, ಶೌಚಾಲಯ. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಶುರುವಾಯಿತು. ಐದು ವರ್ಷದಲ್ಲಿ ಹಳ್ಳಿಗಳಲ್ಲಿ 10 ಕೋಟಿಗೂ ಹೆಚ್ಚು ಶೌಚಾಲಯ ಕಟ್ಟಿದರು. ಸಣ್ಣ ಕೆಲಸವಲ್ಲ ಇದು, ದೊಡ್ಡದೇ. ಆದರೆ 2019-21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮನೆಮನೆಗೆ ಹೋಗಿ ‘ನೀವು ಯಾವ ಶೌಚಾಲಯ ಬಳಸುತ್ತೀರಿ’ ಅಂತ ಕೇಳಿತು. ದೇಶದ ಶೇ. 19ರಷ್ಟು ಮನೆಗಳವರು ಯಾವುದನ್ನೂ ಬಳಸುತ್ತಿರಲಿಲ್ಲ. ಹಳ್ಳಿಗಳಲ್ಲಿ ಇದು ಶೇ. 26. ಕಟ್ಟಿದ ಲೆಕ್ಕ ಒಂದು ಕಡೆ, ಬಳಸಿದ ಲೆಕ್ಕ ಇನ್ನೊಂದು ಕಡೆ. ಕಾಯಿಲೆ ಕಡಿಮೆ ಆಗುವುದು ಬಳಸಿದರೆ ಮಾತ್ರ, ಅಲ್ವಾ? ಶೌಚಾಲಯಕ್ಕೆ ನೀರಿದೆಯೇ, ಗುಂಡಿ ತುಂಬಿದಾಗ ಖಾಲಿ ಮಾಡುವವರು ಯಾರು, ಮನೆಯ ಹಿರಿಯರು ಹೋಗುತ್ತಾರೆಯೇ ಎಂಬುದನ್ನೂ ಮೊದಲ ದಿನದಿಂದ ಕೇಳಿದ ಪಂಚಾಯಿತಿಗಳಲ್ಲಿ ಕಟ್ಟುವ ಕೆಲಸವೂ ಬೇರೆ ರೀತಿ ನಡೆಯುತ್ತೆ.

ಇನ್ನೊಂದು ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ರಕ್ತಹೀನತೆ. ನಮ್ಮ ಹಳ್ಳಿಗಳಲ್ಲಿ ಇದರ ಬಗ್ಗೆ ನಡೆದಷ್ಟು ಕಾರ್ಯಕ್ರಮ ಬೇರೆ ಯಾವುದರ ಬಗ್ಗೆಯೂ ನಡೆದಿಲ್ಲ ಅಂತ ನನಗೆ ಅನ್ನಿಸುತ್ತೆ. ಗರ್ಭಿಣಿಯರಿಗೆ ಕೆಂಪು ಮಾತ್ರೆ. ಶಾಲೆಗೆ ಹೋಗುವ ದೊಡ್ಡ ಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ. ಚಿಕ್ಕ ಮಕ್ಕಳಿಗೆ ಗುಲಾಬಿ ಮಾತ್ರೆ. ಇನ್ನೂ ಚಿಕ್ಕವರಿಗೆ ಸಿರಪ್. ಜಂತುಹುಳುವಿನ ಮಾತ್ರೆ ಬೇರೆ. 2018ರಲ್ಲಿ ಇದನ್ನೆಲ್ಲ ಸೇರಿಸಿ ‘ಅನೀಮಿಯಾ ಮುಕ್ತ ಭಾರತ’ ಅಂತ ಹೆಸರಿಟ್ಟರು. ಇಷ್ಟೆಲ್ಲ ಆದ ಮೇಲೆ ಅಂಕಿ ಏನು ಹೇಳುತ್ತೆ? ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ ಇರುವವರು 2015-16ರಲ್ಲಿ ಶೇ. 44.8. ಮುಂದಿನ ಸಮೀಕ್ಷೆಯ ಹೊತ್ತಿಗೆ, ಅಂದರೆ 2019-20ರಲ್ಲಿ, ಶೇ. 47.8. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 60.9 ಇದ್ದದ್ದು ಶೇ. 65.5 ಆಯಿತು. ಮಾತ್ರೆ ಹಂಚುತ್ತಲೇ ಇದ್ದೆವು, ರಕ್ತಹೀನತೆ ಇಳಿಯಲಿಲ್ಲ.

ಯಾಕೆ? ಇದಕ್ಕೆ ಒಂದೇ ಉತ್ತರ ಇಲ್ಲ. ಆದರೆ ಒಂದು ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ. ಆಶಾ ಕಾರ್ಯಕರ್ತೆಯ ಜೊತೆ ಮನೆಮನೆ ತಿರುಗುತ್ತಿದ್ದೆವು. ಶಾಲೆ ಬಿಟ್ಟ ಹದಿನಾರರ ಹುಡುಗಿ. ತಿಂಗಳಿಗೊಮ್ಮೆ ಮಾತ್ರೆ ಬರುತ್ತವೆಯೇ ಅಂತ ಕೇಳಿದೆವು. ‘ಬರ್ತಾವ್ರಿ’ ಅಂದಳು. ಆಶಾ ಅಕ್ಕನ ಪುಸ್ತಕದಲ್ಲೂ ಹಾಗೇ ಇತ್ತು, ಅವಳ ಹೆಸರಿನ ಮುಂದೆ ಎಲ್ಲ ತಿಂಗಳೂ ಟಿಕ್ ಬಿದ್ದಿತ್ತು. ಅಷ್ಟರಲ್ಲಿ ತಾಯಿ ಒಳಗೆ ಹೋಗಿ ಗೋಡೆಯ ಗೂಡಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಸೂಜಿ ದಾರ, ರೇಷನ್ ಕಾರ್ಡಿನ ಜೆರಾಕ್ಸ್ ಪ್ರತಿ, ಅದರ ಕೆಳಗೆ ಮಾತ್ರೆಯ ಪಟ್ಟಿಗಳು. ಒಂದೋ ಎರಡೋ ಮಾತ್ರೆ ಮಾತ್ರ ಒಡೆದಿದ್ದವು. ಹುಡುಗಿ ತಲೆ ತಗ್ಗಿಸಿದಳು. ತಾಯಿಯೇ ಹೇಳಿದರು: ‘ಅದನ್ನ ನುಂಗಿದ್ರ ಹೊಟ್ಟಿ ತೊಳಸ್ತೈತ್ರಿ. ಕರ್ರಗ ಹೊರಕಡಿ ಆಗ್ತೈತಂತ ಅಂಜ್ಯಾಳ್ರಿ.’

ಆ ಮನೆಯಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಆಶಾ ಕೊಟ್ಟಿದ್ದರು, ಹುಡುಗಿ ತಗೊಂಡಿದ್ದಳು, ಪುಸ್ತಕ ಸರಿಯಾಗಿತ್ತು. ಮಾತ್ರೆ ಮಾತ್ರ ಡಬ್ಬಿಯಲ್ಲೇ ಇತ್ತು. ನಾವು ಎಣಿಸುತ್ತಿದ್ದದ್ದು ಕೈಗೆ ಸಿಕ್ಕ ಮಾತ್ರೆಯನ್ನು. ಹೊಟ್ಟೆಗೆ ಹೋದದ್ದನ್ನು ಎಣಿಸುವ ಜಾಗ ಆ ಪುಸ್ತಕದಲ್ಲಿ ಇರಲೇ ಇಲ್ಲ.

ಕಬ್ಬಿಣಾಂಶದ ಮಾತ್ರೆ ನುಂಗಿದರೆ ಮಲ ಕಪ್ಪಾಗುವುದು ಸಹಜ, ಅದರಿಂದ ಅಪಾಯವಿಲ್ಲ. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಕೆಲವರಿಗೆ ವಾಕರಿಕೆ ಬರುತ್ತೆ, ಊಟವಾದ ಮೇಲೆ ತಗೊಂಡರೆ ಕಡಿಮೆ. ಮೇಲೆ ಚಹಾ ಕುಡಿದರೆ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ಈ ಮೂರು ಮಾತು ಆ ಹುಡುಗಿಗೆ ಯಾರೂ ಕೂತು ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಅಂದರೆ, ಮಾತ್ರೆ ನುಂಗಿದೆಯಾ ಅಂತ ಯಾರೂ ಕೇಳಿರಲಿಲ್ಲ. ಏನನ್ನು ಕೇಳುತ್ತೇವೋ ಅದರ ಕಡೆಗೆ ಕೆಲಸ ಹರಿಯುತ್ತೆ. ಅಳತೆಯನ್ನು ಬರೀ ವರದಿಯ ವಿಷಯ ಅಂತ ನಾನು ನೋಡದಿರುವುದು ಇದಕ್ಕೇ. ನಾಳೆ ಬೆಳಿಗ್ಗೆ ಕಾರ್ಯಕರ್ತೆ ಯಾರ ಮನೆಗೆ ಹೋಗಿ ಏನು ಮಾತಾಡುತ್ತಾಳೆ ಎಂಬುದನ್ನು ಅದು ತೀರ್ಮಾನ ಮಾಡುತ್ತೆ.

ಈಗ ಇದನ್ನೇ ಇಟ್ಟುಕೊಂಡು ಒಂದು ಯೋಜನೆ ಬರೆಯೋಣ. ನಮ್ಮಲ್ಲಿ ಸಾಮಾನ್ಯವಾಗಿ ಬರೆಯುವ ಗುರಿ ಹೀಗಿರುತ್ತೆ: ‘ಕಿಶೋರಿಯರಲ್ಲಿ ರಕ್ತಹೀನತೆಯ ಬಗ್ಗೆ ಅರಿವು ಮೂಡಿಸಿ ಅವರ ಆರೋಗ್ಯ ಮಟ್ಟ ಸುಧಾರಿಸುವುದು.’ ಇದು ಈಡೇರಿತೋ ಇಲ್ಲವೋ ಅಂತ ಯಾರು ಹೇಳಬೇಕು? ಹೇಗೆ ಹೇಳಬೇಕು? ಇದು ಸೋಲುವ ಸಾಧ್ಯತೆಯೇ ಇಲ್ಲದ ವಾಕ್ಯ. ಹಾಗಾಗಿ ಗೆದ್ದರೂ ಅದಕ್ಕೆ ಅರ್ಥ ಇಲ್ಲ.

ಬದಲಿಗೆ ಹೀಗೆ ಬರೆಯಬಹುದು. ಅಂಕಿಗಳು ಉದಾಹರಣೆಗೆ ಮಾತ್ರ. ‘ನಮ್ಮ ಪಂಚಾಯಿತಿಯ ಮೂರು ಹಳ್ಳಿಗಳಲ್ಲಿ 12ರಿಂದ 18 ವರ್ಷದ ಹುಡುಗಿಯರು 120. ಜುಲೈನಲ್ಲಿ ಪರೀಕ್ಷಿಸಿದಾಗ 66 ಜನರಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದೆ. ಮುಂದಿನ ಜುಲೈ ಹೊತ್ತಿಗೆ ಅದು 60 ಅಥವಾ ಅದಕ್ಕಿಂತ ಕಡಿಮೆ ಆಗಬೇಕು.’ ಇಲ್ಲಿ ಯಾರು ಅಂತ ಇದೆ, ಎಲ್ಲಿ ಅಂತ ಇದೆ, ಈಗ ಎಷ್ಟು, ಆಮೇಲೆ ಎಷ್ಟು, ಯಾವಾಗ ಅಂತಲೂ ಇದೆ. ಊರಿನ ಯಾರು ಬೇಕಾದರೂ ಬಂದು ‘ಆಯ್ತಾ?’ ಅಂತ ಕೇಳಬಹುದು.

ಆರು ಜನ ಮಾತ್ರವಾ ಅಂತ ನಿಮಗೆ ಅನ್ನಿಸಬಹುದು. ದಾನಿ ಸಂಸ್ಥೆಗೆ ಕಳಿಸುವ ಪ್ರಸ್ತಾವದಲ್ಲಿ ‘ಶೇ. 50ರಷ್ಟು ಇಳಿಕೆ’ ಅಂತ ಬರೆಯುವುದು ನಮಗೆ ರೂಢಿಯಾಗಿಬಿಟ್ಟಿದೆ. ಲೆಕ್ಕ ಹಾಕಿ ನೋಡಿ. 120ರಲ್ಲಿ 66 ಅಂದರೆ ಶೇ. 55. 60 ಅಂದರೆ ಶೇ. 50. ಐದು ಅಂಶ ಇಳಿಸಿದಂತಾಯಿತು. ಅನೀಮಿಯಾ ಮುಕ್ತ ಭಾರತದ ಗುರಿಯೇ ವರ್ಷಕ್ಕೆ ಮೂರು ಅಂಶ. ಇಡೀ ಆರೋಗ್ಯ ಇಲಾಖೆ ಹಿಂದೆ ನಿಂತ ಕಾರ್ಯಕ್ರಮ ಮೂರು ಅಂತ ಬರೆದಾಗ ನಾವು ಒಂದು ವರ್ಷದಲ್ಲಿ ಅರ್ಧಕ್ಕರ್ಧ ಅಂತ ಬರೆದರೆ, ಕೊನೆಗೆ ಕಷ್ಟಕ್ಕೆ ಬೀಳುವುದು ಪುಸ್ತಕ ತುಂಬುವ ಕಾರ್ಯಕರ್ತೆ. ಗುರಿ ಎಷ್ಟಿರಬೇಕು ಅಂತ ಮನಸ್ಸಿಗೆ ಬಂದದ್ದು ಬರೆಯಬೇಡಿ. ಬೇರೆ ಕಡೆ ಎಷ್ಟು ಸಾಧ್ಯವಾಗಿದೆ ಅಂತ ಕೇಳಿ ತಿಳಿದು ಬರೆಯಿರಿ.

ಹಿಮೋಗ್ಲೋಬಿನ್ ಅಳೆಯುವುದು ಎರಡೇ ಸಲ, ಈ ಜುಲೈನಲ್ಲಿ ಒಮ್ಮೆ, ಮುಂದಿನ ಜುಲೈನಲ್ಲಿ ಒಮ್ಮೆ. ನಡುವಿನ ತಿಂಗಳುಗಳಲ್ಲಿ ಕೆಲಸ ಸರಿ ದಾರಿಯಲ್ಲಿದೆಯೇ ಅಂತ ತಿಳಿಯಲು ಇನ್ನೊಂದು ಅಳತೆ ಬೇಕು. ಮಾತ್ರೆ ಉಗ್ರಾಣದಿಂದ ಬರಬೇಕು, ಹುಡುಗಿಯ ಕೈ ಸೇರಬೇಕು, ಅವಳು ನುಂಗಬೇಕು, ಅದು ಮೈಗೆ ಹತ್ತಬೇಕು, ಆಮೇಲೆ ರಕ್ತ ಹೆಚ್ಚಬೇಕು. ಈ ಸಾಲಿನಲ್ಲಿ ಎಲ್ಲಿ ತುಂಡಾಗುತ್ತೆ ಅಂತ ನಿಮ್ಮ ಊರಿನ ಅನುಭವ ಹೇಳುತ್ತೋ ಅಲ್ಲಿ ಅಳತೆ ಇಡಿ. ಕೊಪ್ಪಳದ ಆ ಊರಿನಲ್ಲಿ ತುಂಡಾಗುತ್ತಿದ್ದದ್ದು ನುಂಗುವಲ್ಲಿ. ಹಾಗಾದರೆ ತಿಂಗಳ ಪ್ರಶ್ನೆ ಇದು: ‘120 ಹುಡುಗಿಯರಲ್ಲಿ ಎಷ್ಟು ಜನ ಈ ತಿಂಗಳ ನಾಲ್ಕು ಮಾತ್ರೆಗಳಲ್ಲಿ ಕನಿಷ್ಠ ಮೂರನ್ನು ಯಾರದಾದರೂ ಎದುರಿಗೆ ನುಂಗಿದರು?’ ಶಾಲೆಯಲ್ಲಿ ಇದು ಸುಲಭ. ಸಾಮಾನ್ಯವಾಗಿ ಸೋಮವಾರ ಬಿಸಿಯೂಟ ಆದ ಮೇಲೆ ಶಿಕ್ಷಕರ ಎದುರೇ ನುಂಗಿಸುತ್ತಾರೆ. ಶಾಲೆ ಬಿಟ್ಟವರಿಗೆ ಸಂಘದ ವಾರದ ಸಭೆ ಇದೆ. ತಾಯಿಯ ಜೊತೆ ಮಗಳೂ ಬರಲಿ. ಇನ್ನೊಂದು ಊರಿನಲ್ಲಿ ಉಗ್ರಾಣದಿಂದಲೇ ಮಾತ್ರೆ ಬರುತ್ತಿಲ್ಲದೆ ಇರಬಹುದು. ಅಲ್ಲಿ ಅಳತೆ ಬೇರೆ, ಕೆಲಸವೂ ಬೇರೆ. ಬೇರೆ ಜಿಲ್ಲೆಯವರ ನಮೂನೆ ತಂದು ನಕಲು ಮಾಡಿದರೆ ಆಗುವುದಿಲ್ಲ ಅಂತ ಹೇಳುವುದು ಇದಕ್ಕೇ.

ಅಳೆಯುವ ವಿಧಾನದ ಬಗ್ಗೆ ಒಂದು ಎಚ್ಚರಿಕೆ. ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದು ನೋಡುತ್ತಾರೆ. 2016-18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ರಕ್ತನಾಳದಿಂದ ತೆಗೆದು ಪ್ರಯೋಗಾಲಯದಲ್ಲಿ ನೋಡಿದರು. ಬೆರಳಿನ ಲೆಕ್ಕದಲ್ಲಿ ದೇಶದ 15-19ರ ಹುಡುಗಿಯರಲ್ಲಿ ರಕ್ತಹೀನತೆ ಶೇ. 59. ರಕ್ತನಾಳದ ಲೆಕ್ಕದಲ್ಲಿ 10-19ರ ಹುಡುಗಿಯರಲ್ಲಿ ಶೇ. 40. ವಯಸ್ಸಿನ ಗುಂಪು ಬೇರೆ ಇದೆ ನಿಜ, ಆದರೂ ಇಷ್ಟು ದೊಡ್ಡ ಅಂತರದಲ್ಲಿ ವಿಧಾನದ ಪಾಲೂ ಇದೆ ಅಂತ ತಜ್ಞರಲ್ಲಿ ಚರ್ಚೆ ನಡೆದಿದೆ. ನಮಗೆ ಇದರಿಂದ ತಿಳಿಯಬೇಕಾದದ್ದು ಇಷ್ಟೇ: ಮೊದಲು ಯಾವ ರೀತಿ ಅಳೆದಿರೋ ಕೊನೆಗೂ ಅದೇ ರೀತಿ ಅಳೆಯಿರಿ. ಅದೇ ಯಂತ್ರ, ಅದೇ ವಯಸ್ಸು, ಅದೇ ತಿಂಗಳು. ಒಂದು ಸಲ ಶಿಬಿರ ಮಾಡಿ ಬೆರಳು ಚುಚ್ಚಿ, ಇನ್ನೊಂದು ಸಲ ತಾಲೂಕು ಆಸ್ಪತ್ರೆಯ ವರದಿ ತಂದು ಜೋಡಿಸಿದರೆ ಆ ಹೋಲಿಕೆಗೆ ಬೆಲೆ ಇಲ್ಲ.

ಇನ್ನು 120 ಅಂತ ಬರೆದೆನಲ್ಲ, ಆ ಒಟ್ಟು ಸಂಖ್ಯೆ. ನನ್ನ ಪ್ರಕಾರ ಇಡೀ ಲೆಕ್ಕದಲ್ಲಿ ಅತಿ ಮುಖ್ಯವಾದದ್ದು ಅದೇ, ಅತಿ ಹೆಚ್ಚು ನಿರ್ಲಕ್ಷ್ಯ ಆಗುವುದೂ ಅದಕ್ಕೇ. ಶಿಬಿರಕ್ಕೆ ಬಂದವರಲ್ಲಿ ಎಷ್ಟು ಜನ ಸುಧಾರಿಸಿದರು ಅಂತ ಎಣಿಸುವುದು ಸುಲಭ. ಬಾರದವರು ಯಾರು? ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ದೀಪಾವಳಿ ಕಳೆದ ಮೇಲೆ ಎಷ್ಟೋ ಮನೆಗಳಿಗೆ ಬೀಗ. ಬೆಂಗಳೂರಿಗೆ, ಪುಣೆಗೆ ಗುಳೆ ಹೋಗಿರುತ್ತಾರೆ. ಜೊತೆಗೆ ಹೆಣ್ಣುಮಕ್ಕಳೂ ಹೋಗಿರುತ್ತಾರೆ, ಚಿಕ್ಕ ತಮ್ಮ ತಂಗಿಯರನ್ನು ನೋಡಿಕೊಳ್ಳಲು. ಅವರ ಹೆಸರನ್ನು ಪಟ್ಟಿಯಿಂದ ತೆಗೆದುಬಿಟ್ಟರೆ ನಿಮ್ಮ ಶೇಕಡಾ ಚೆನ್ನಾಗಿ ಕಾಣುತ್ತೆ. ಆದರೆ ರಕ್ತಹೀನತೆ ಜಾಸ್ತಿ ಇರುವುದು ಅಂಥ ಮನೆಗಳಲ್ಲೇ. ಹೆಸರು ತೆಗೆಯಬೇಡಿ. ‘ಗುಳೆ’ ಅಂತ ಪಕ್ಕದಲ್ಲಿ ಬರೆಯಿರಿ, ಒಟ್ಟು ಸಂಖ್ಯೆಯಲ್ಲಿ ಇಟ್ಟುಕೊಳ್ಳಿ. ಹಾಗೆಯೇ ಊರಿನ ಸರಾಸರಿ ಒಂದನ್ನೇ ನೋಡಬೇಡಿ. ಮೂಲ ಗ್ರಾಮ, ದಲಿತರ ಕೇರಿ, ತಾಂಡಾ ಅಂತ ಬೇರೆ ಬೇರೆ ಬರೆದು ನೋಡಿ. ಒಟ್ಟು ಸಂಖ್ಯೆ 66ರಿಂದ 60ಕ್ಕೆ ಇಳಿದಿರಬಹುದು, ಆ ಆರು ಜನರೂ ಬಸ್ ನಿಲ್ಲುವ ರಸ್ತೆ ಪಕ್ಕದ ಮನೆಯವರೇ ಆಗಿರಬಹುದು. ಆಗ ತಾಂಡಾದಲ್ಲಿ ನಮ್ಮ ಕಾರ್ಯಕ್ರಮ ನಡೆದೇ ಇಲ್ಲ ಅಂತ ಅರ್ಥ.

ಯಾವುದನ್ನು ಅಳೆಯಬೇಕು ಅಂತ ತೀರ್ಮಾನಿಸುವವರು ಯಾರು? ಕಚೇರಿಯಲ್ಲಿ ಕೂತು ಲಾಗ್‌ಫ್ರೇಮ್, ಅಂದರೆ ಯೋಜನೆಯ ಗುರಿ ಮತ್ತು ಅಳತೆಗಳ ಕೋಷ್ಟಕ, ತುಂಬುವವರಷ್ಟೇ ಅಲ್ಲ. ಜನರನ್ನು ಕೇಳಿ. ಅವರ ಬಳಿ ಒಳ್ಳೆಯ ಅಳತೆಗಳಿರುತ್ತವೆ. ಕೆರೆ ಹೂಳೆತ್ತುವ ಕೆಲಸ ನೋಡಿ. ನಮ್ಮ ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ, ಎಷ್ಟೋ ಕಡೆ ಹೂಳೆತ್ತುವ ಕೆಲಸ ನಡೆದಿದೆ. ವರದಿಯಲ್ಲಿ ಇಷ್ಟು ಘನ ಮೀಟರ್, ಇಷ್ಟು ಟ್ರ್ಯಾಕ್ಟರ್ ಲೋಡು ಅಂತ ಇರುತ್ತೆ. ಕೆರೆಯ ಕೆಳಗೆ ಹೊಲ ಇರುವ ರೈತರನ್ನು ಕೇಳಿದರೆ ಬೇರೆಯೇ ಹೇಳುತ್ತಾರೆ. ‘ಮೊದಲು ಸಂಕ್ರಾಂತಿ ಹೊತ್ತಿಗೇ ಬತ್ತುತ್ತಿತ್ತು, ಈಗ ಯುಗಾದಿವರೆಗೂ ದನಕ್ಕೆ ನೀರಿದೆ.’ ಇದಕ್ಕಿಂತ ಒಳ್ಳೆಯ ಅಳತೆ ಬೇಕಾ? ಕೆರೆಯಲ್ಲಿ ನೀರು ಎಷ್ಟು ದಿನ ನಿಂತಿತು ಎಂಬುದು ಬದುಕಿಗೆ ನೇರವಾಗಿ ಸಂಬಂಧಿಸಿದ್ದು, ಯಾರು ಬೇಕಾದರೂ ನೋಡಿ ಹೇಳಬಹುದು, ದುಡ್ಡೂ ಬೇಡ. ಒಂದು ತೊಡಕು ಇದೆ. ಮಳೆ ಚೆನ್ನಾಗಿ ಬಂದ ವರ್ಷ ಹೂಳೆತ್ತದ ಕೆರೆಯಲ್ಲೂ ನೀರು ನಿಲ್ಲುತ್ತೆ. ಹಾಗಾಗಿ ಆ ವರ್ಷ ಎಷ್ಟು ಮಳೆ ಆಯಿತು ಅಂತಲೂ ಪಕ್ಕದಲ್ಲಿ ಬರೆಯಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕಗಳನ್ನು ಇಟ್ಟಿದೆ. ಆ ಅಂಕಿ ಪಡೆದು, ಸುಮಾರು ಅಷ್ಟೇ ಮಳೆಯಾದ ಹಿಂದಿನ ವರ್ಷದ ಜೊತೆ ಹೋಲಿಸಿ.

ಮಕ್ಕಳ ಓದಿನ ವಿಷಯಕ್ಕೂ ಇಂಥದ್ದೇ ಸರಳ ಅಳತೆ ಇದೆ. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯಲ್ಲಿ ಒಂದೇ ಹಾಳೆ. ಅದರಲ್ಲಿ ಅಕ್ಷರಗಳು, ಪದಗಳು, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಒಂದು ಪುಟ್ಟ ಕಥೆ. ಮಗು ಎಲ್ಲಿವರೆಗೆ ಓದುತ್ತೆ ಅಂತ ನೋಡುವುದು, ಅಷ್ಟೇ. ಪಿಯುಸಿ ಓದಿದ ಯಾರಾದರೂ ಸ್ವಲ್ಪ ತರಬೇತಿ ಪಡೆದು ಇದನ್ನು ಮಾಡಬಹುದು. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ‘ಓದುವ ಬೆಳಕು’ ಶುರುವಾದಾಗ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು, ಬಹಳ ಒಳ್ಳೆಯ ಕೆಲಸ. ಈಗ ನಿಮ್ಮ ಪಂಚಾಯಿತಿ ಸದಸ್ಯತ್ವದ ಸಂಖ್ಯೆಯ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಬರೆಯಲಿ: ಜೂನ್‌ನಲ್ಲಿ ಕಥೆ ಓದಲಾಗದ ಎಷ್ಟು ಮಕ್ಕಳು ಮಾರ್ಚ್‌ನಲ್ಲಿ ಓದಿದರು?

ಸಂಖ್ಯೆಯಿಂದ ಆಗುವ ಕೆಡುಕಿನ ಬಗ್ಗೆಯೂ ಹೇಳಲೇಬೇಕು. ಅಂಗನವಾಡಿಯಲ್ಲಿ ಮಗುವಿನ ತೋಳಿನ ಸುತ್ತಳತೆ ನೋಡುತ್ತಾರೆ. 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ, ಆ ಮಗುವಿಗೆ ಕೂಡಲೇ ಆರೈಕೆ ಬೇಕು. ಈಗ ಯೋಚಿಸಿ. ಅಂಥ ಮಕ್ಕಳು ಜಾಸ್ತಿ ಇರುವ ಕೇಂದ್ರದ ಕಾರ್ಯಕರ್ತೆಯನ್ನು ಸಭೆಯಲ್ಲಿ ಎದ್ದು ನಿಲ್ಲಿಸಿ ‘ನಿಮ್ಮಲ್ಲೇ ಯಾಕೆ ಇಷ್ಟು?’ ಅಂತ ಬೈದರೆ ಮುಂದಿನ ತಿಂಗಳು ಏನಾಗುತ್ತೆ? 11.4 ಇದ್ದದ್ದು 11.6 ಆಗುತ್ತೆ. ಪಟ್ಟಿ ಸ್ವಲ್ಪ ಸಡಿಲ ಹಿಡಿದರೆ ಸಾಕು. ಸಂಖ್ಯೆ ಸುಧಾರಿಸಿತು, ಮಗು ಹಾಗೇ ಉಳಿಯಿತು. ಹೊಸದಾಗಿ ಸರಿಯಾಗಿ ಅಳೆಯಲು ಶುರು ಮಾಡಿದ ಕಡೆ ಮೊದಲ ತಿಂಗಳುಗಳಲ್ಲಿ ಅಂಕಿ ಕೆಡುವುದೇ ಸಹಜ. ಮುಚ್ಚಿಹೋಗಿದ್ದ ಮಕ್ಕಳು ಆಗ ಕಾಣುತ್ತಾರೆ. ಅಂಥ ಕಾರ್ಯಕರ್ತೆಯ ಬೆನ್ನು ತಟ್ಟಿ. ನೀವು ಮೇಲ್ವಿಚಾರಣೆಯ ಜಾಗದಲ್ಲಿ ಇದ್ದರೆ, ಕೆಟ್ಟ ಅಂಕಿ ತಂದವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ, ‘ಏನು ಸಹಾಯ ಬೇಕು?’

ಹೊಸ ಪುಸ್ತಕವನ್ನೂ ಹೊರಿಸಬೇಡಿ. ಆಶಾ, ಅಂಗನವಾಡಿ ಕಾರ್ಯಕರ್ತೆಯರು ಈಗಾಗಲೇ ಎಷ್ಟೋ ರಿಜಿಸ್ಟರ್, ಅದರ ಮೇಲೆ ಮೊಬೈಲ್ ಆ್ಯಪ್ ತುಂಬುತ್ತಿದ್ದಾರೆ. ಇರುವುದರಲ್ಲೇ ಒಂದು ಕಾಲಂ ಸೇರಿಸಲು ಆಗುತ್ತಾ ನೋಡಿ. ಒಂದು ಕಾರ್ಯಕ್ರಮಕ್ಕೆ ಎರಡೋ ಮೂರೋ ಅಳತೆ ಸಾಕು. ತುಂಬಿದವರಿಗೇ ಆ ಅಂಕಿ ಮುಂದಿನ ತಿಂಗಳು ಉಪಯೋಗಕ್ಕೆ ಬರದಿದ್ದರೆ ಅದನ್ನು ಕೇಳಲೇಬೇಡಿ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ಪಂಚಾಯಿತಿ ಸದಸ್ಯರು ಕೇಳಿದರು: ‘ಸರ್, ಹಿಮೋಗ್ಲೋಬಿನ್ ಏರಿತು ಅಂತಲೇ ಇಟ್ಟುಕೊಳ್ಳಿ. ಅದು ನಮ್ಮ ಕೆಲಸದಿಂದಲೇ ಆಯಿತು ಅಂತ ಹೇಗೆ ಹೇಳೋದು?’ ಒಳ್ಳೆಯ ಪ್ರಶ್ನೆ. 2024ರಿಂದ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಸಿಗುತ್ತಿದೆ. 2023ರಿಂದ ಗೃಹಲಕ್ಷ್ಮಿಯ 2000 ರೂಪಾಯಿ ಬರುತ್ತಿದೆ, ಎಷ್ಟೋ ಮನೆಗಳಲ್ಲಿ ಅದು ಅಡುಗೆಮನೆಗೂ ಹೋಗುತ್ತೆ. ಇದೆಲ್ಲದರ ಪಾಲೂ ಇರುತ್ತೆ. ‘ನಮ್ಮಿಂದಲೇ ಆಯಿತು’ ಅಂತ ಬರೆಯಬೇಡಿ. ನಮ್ಮ ಕಾರ್ಯಕ್ರಮ ಇಲ್ಲದ ಪಕ್ಕದ ಊರಿನಲ್ಲೂ ಅದೇ ತಿಂಗಳು ಅಳೆಯಲು ಸಾಧ್ಯವಾದರೆ ಅಳೆಯಿರಿ. ಅಲ್ಲಿಯೂ ಅಷ್ಟೇ ಏರಿದ್ದರೆ ನಮ್ಮ ಪಾಲು ಕಡಿಮೆ ಅಂತ ಗೊತ್ತಾಗುತ್ತೆ. ಆ ಊರಿನಲ್ಲಿ ರಕ್ತ ಕಡಿಮೆ ಇರುವ ಹುಡುಗಿಯರು ಸಿಕ್ಕರೆ ಅವರನ್ನೂ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ಸುಮ್ನೆ ಹೋಲಿಕೆಗೆ ಅಂತ ಬೆರಳು ಚುಚ್ಚಿ ಬರುವುದು ಸರಿಯಲ್ಲ.

ಒಕ್ಕೂಟದ ಕಾರ್ಯದರ್ಶಿ ಒಬ್ಬರು ಕೇಳಿದರು: ‘ವರ್ಷ ಆದ ಮೇಲೂ 66 ಹಾಗೇ ಉಳಿದರೆ? ವರದಿಯಲ್ಲಿ ಏನಂತ ಬರೀಬೇಕು?’ 66 ಅಂತಲೇ ಬರೆಯಬೇಕು ಅಂದೆ. ಅದರ ಕೆಳಗೆ ತಿಂಗಳ ಅಳತೆ ಬರೆಯಿರಿ. ಮಾತ್ರೆ ನುಂಗಿದವರು ಕಡಿಮೆ ಇದ್ದರೆ ಕೆಲಸ ಆಗಬೇಕಾದದ್ದು ಅಲ್ಲಿ. ಹೆಚ್ಚಿನವರು ಸರಿಯಾಗಿ ನುಂಗಿದ್ದರೂ ರಕ್ತ ಏರಿಲ್ಲ ಅಂದರೆ ಕಾರಣ ಬೇರೆ ಇರಬಹುದು. ಜಂತುಹುಳು ಇರಬಹುದು, ಬಿ12 ಕೊರತೆ ಇರಬಹುದು, ಮುಟ್ಟಿನಲ್ಲಿ ಅತಿಯಾದ ರಕ್ತಸ್ರಾವ ಇರಬಹುದು. ಆ 66 ಹೆಸರುಗಳ ಪಟ್ಟಿ ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಬಳಿ ಹೋಗಿ, ಒಂದು ದಿನ ಅವರನ್ನೇ ಊರಿಗೆ ಕರೆಸಿ. ಅವರು ಯಾವ ಪರೀಕ್ಷೆ ಹೇಳುತ್ತಾರೋ ಅದಕ್ಕೆ ಮುಂದಿನ ವರ್ಷದ ಕ್ರಿಯಾ ಯೋಜನೆಯಲ್ಲಿ ಹಣ ಇಡಿಸಿ. ಗ್ರಾಮ ಸಭೆಗೆ ಆ ಪಟ್ಟಿಯ ಸಂಖ್ಯೆ ತೆಗೆದುಕೊಂಡು ಹೋಗಿ ಕೇಳಿ, ಹೆಸರುಗಳನ್ನು ಮಾತ್ರ ಅಲ್ಲಿ ಓದಬೇಡಿ.